ಮುಂಡಗೋಡಿನ ಲೋಸರ್

ಶಿರಸಿ ತಾಲ್ಲೂಕಿನ ಬನವಾಸಿಗೆ ಸಮೀಪದಲ್ಲಿರುವ ಗುಡ್ನಾಪುರವು ವಿಶಾಲವಾದ ಕೆರೆಯೊಂದರ ದಡದಲ್ಲಿ ಹಬ್ಬಿಕೊಂಡಿರುವ ಚಿಕ್ಕ ಗ್ರಾಮ. ಕದಂಬ ಅರಸನಾದ ರವಿವರ್ಮನ ಸಂಸ್ಕೃತ ಶಾಸನವುಳ್ಳ ಕಲ್ಲಿನ ಕಂಬವೊಂದು ಇಲ್ಲಿ ದೊರೆತು, ಈ ಗ್ರಾಮದ ಹೆಸರು ಇತಿಹಾಸದ ಪುಟಗಳನ್ನು ಸೇರಿತು. ಅರಸನು ಅರಮನೆಯ ಬಳಿಯಲ್ಲಿ ಕಾಮದೇವನಿಗೆ ಆಲಯವನ್ನು ಕಟ್ಟಿಸಿದ ಸಂಗತಿಯೂ ವಸಂತೋತ್ಸವದ ಪ್ರಸ್ತಾಪವೂ ಆ ಶಾಸನದಲ್ಲಿವೆ. ಒಂದೂವರೆ ಸಾವಿರ ವರ್ಷಗಳ ಹಿಂದೆ ಈ ಕೆರೆಯ ದಡದಲ್ಲಿ ವಸಂತದ ಹಬ್ಬ ನಡೆಯುತ್ತಿತ್ತೆಂಬುದನ್ನು ನೆನೆದಾಗ, ಇಂದು ಇಲ್ಲಿ ಎಮ್ಮೆಗಳನ್ನು ಮೀಯಿಸುವ ಹುಡುಗರ ಕೇಕೆಯೂ ಬೇರೊಂದು ಬಗೆಯಾಗಿ ಕೇಳಿಸುತ್ತದೆ.

ಇಲ್ಲಿಂದ ಉತ್ತರಕ್ಕೆ, ಅದೇ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ, ಇನ್ನೊಂದು ವಸಂತದ ಹಬ್ಬ ನಡೆಯುತ್ತದೆ. ಅದನ್ನು ಆಚರಿಸುವವರು ಹಿಮಾಲಯದ ಆಚೆಯಿಂದ ಬಂದವರು. ಹಬ್ಬದ ಹೆಸರು ಲೋಸರ್. ಟಿಬೆಟ್ಟಿನ ಭಾಷೆಯಲ್ಲಿ ‘ಲೋ’ ಎಂದರೆ ವರ್ಷ, ‘ಸರ್’ ಎಂದರೆ ಹೊಸತು. ನಮ್ಮ ಯುಗಾದಿಯೆಂಬ ಮಾತಿಗೂ ಇದಕ್ಕೂ ಅರ್ಥದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

1959ರ ಮಾರ್ಚ್ ತಿಂಗಳಲ್ಲಿ ದಲೈಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಹಿಮಾಲಯದ ತಪ್ಪಲಲ್ಲಿ ರಸ್ತೆಗೆ ಕಲ್ಲು ಒಡೆಯುತ್ತ ದಿನ ಕಳೆಯುತ್ತಿದ್ದ ಆ ಜನರಿಗೆ ನೆಲೆ ಬೇಕಾಗಿದ್ದಿತು. ಆಗ ಉದಾರವಾಗಿ ಭೂಮಿಯನ್ನು ನೀಡಲು ಮುಂದಾದವರಲ್ಲಿ ಅಂದಿನ ಮೈಸೂರು ರಾಜ್ಯದ ನಾಯಕರಾದ ಎಸ್. ನಿಜಲಿಂಗಪ್ಪನವರು ಪ್ರಮುಖರು. ಮೊದಲಿಗೆ ಬೈಲಕುಪ್ಪೆಯಲ್ಲಿಯೂ, 1966ರಲ್ಲಿ ಮುಂಡಗೋಡಿನಲ್ಲಿಯೂ ಟಿಬೆಟನ್ನರ ವಸತಿಗಳು ಸ್ಥಾಪನೆಯಾದವು. ಮುಂಡಗೋಡಿನಲ್ಲಿ ಅವರಿಗೆ ದೊರೆತದ್ದು ಸುಮಾರು 4000 ಎಕರೆ ಕಾಡುಭೂಮಿ. ಅದಕ್ಕೆ ಅವರು ಡೋಗುಲಿಂಗ್ ಎಂದು ಹೆಸರಿಟ್ಟುಕೊಂಡರು. ಸುತ್ತಲಿನ ನಮ್ಮ ಜನರಿಗೆ ಮಾತ್ರ ಅದು ಅಂದಿನಿಂದ ಇಂದಿನವರೆಗೂ ‘ಕ್ಯಾಂಪು’.

ಚಮರೀಮೃಗವನ್ನು ಸಾಕಿ, ಜವೆಗೋಧಿಯನ್ನು ಬೆಳೆದು, ವರ್ಷದ ಬಹುಭಾಗ ಚಳಿಯಲ್ಲಿಯೇ ಬದುಕಿದ್ದವರಿಗೆ ಇಲ್ಲಿಯ ಬಿಸಿಲು, ಮಳೆ, ಜ್ವರ ಎಲ್ಲವೂ ಹೊಸತು. ಕಾಡನ್ನು ಸವರಿ, ನೆಲವನ್ನು ಹದಗೊಳಿಸಿ, ಮೆಕ್ಕೆಜೋಳ ಮತ್ತು ಭತ್ತಗಳನ್ನು ಬೆಳೆಯುವುದನ್ನು ಅವರು ಕಲಿತರು. 1969ರ ಹೊತ್ತಿಗೆ ಬಂಗಾಳದ ಬಕ್ಸಾ ಎಂಬಲ್ಲಿ ಆಶ್ರಯ ಪಡೆದಿದ್ದ ಭಿಕ್ಷುಗಳೂ ಬಂದರು. 1409ರಲ್ಲಿ ಸ್ಥಾಪಿತವಾದ ಗಾಂದೆನ್, 1416ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ಎಂಬ ಟಿಬೆಟ್ಟಿನ ಎರಡು ಮಹಾವಿದ್ಯಾಪೀಠಗಳು ಮುಂಡಗೋಡಿನ ಮಣ್ಣಿನಲ್ಲಿ ಮತ್ತೆ ತಲೆಯೆತ್ತಿದವು.

ಇದನ್ನು ಬರಿಯ ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ಧರ್ಮಪ್ರಸಾರಕ್ಕಾಗಿ ವನವಾಸ ದೇಶಕ್ಕೆ ಕಳುಹಿಸಿದರೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಪ್ರಾಕೃತ ಬರಹವು ಕೆರೆಯೊಂದನ್ನೂ ವಿಹಾರವೊಂದನ್ನೂ ದಾನ ಮಾಡಿದ ವಿಷಯವನ್ನು ತಿಳಿಸುತ್ತದೆ. ಆ ವಿಹಾರ ಅಳಿಯಿತು, ಭಿಕ್ಷುಗಳು ಮರೆಯಾದರು. ಬುದ್ಧನ ಧರ್ಮವು ಹಿಮಾಲಯವನ್ನು ದಾಟಿಹೋಗಿ ಟಿಬೆಟ್ಟಿನಲ್ಲಿ ಬೇರೂರಿತು. ನಮ್ಮ ನಾಡಿನ ಲಿಪಿಯ ಮಾದರಿಯೂ ಅದರೊಡನೆ ಅಲ್ಲಿಗೆ ಹೋಯಿತು. ಟಿಬೆಟ್ಟಿನ ಮಗು ಇಂದಿಗೂ ‘ಕ, ಖ, ಗ, ಙ’ ಎಂದೇ ಅಕ್ಷರಾಭ್ಯಾಸವನ್ನು ಆರಂಭಿಸುತ್ತದೆ. ಹೀಗೆ ಹೋದದ್ದು ಶತಮಾನಗಳ ಬಳಿಕ, ಊರು ಕಳೆದುಕೊಂಡು, ಬನವಾಸಿಯ ನೆರೆಗೇ ಮರಳಿ ಬಂದಿತು.

ಲೋಸರಿಗೆ ಒಂದು ತಿಂಗಳ ಮೊದಲೇ ಕ್ಯಾಂಪಿನಲ್ಲಿ ಸಂಭ್ರಮ ತಲೆದೋರುತ್ತದೆ. ಚಳಿಗಾಲದಲ್ಲಿ ಉಣ್ಣೆಯ ಅಂಗಿಗಳನ್ನು ಮಾರಲು ದೂರದ ಪಟ್ಟಣಗಳಿಗೆ ಹೋದ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹಿಂದಿರುಗುತ್ತವೆ. ಮನೆಗಳಿಗೆ ಸುಣ್ಣ ಬಣ್ಣಗಳಾಗುತ್ತವೆ. ಚಿಕ್ಕ ಕುಂಡಗಳಲ್ಲಿ ಜವೆಗೋಧಿಯನ್ನೋ ಗೋಧಿಯನ್ನೋ ಬಿತ್ತಿ, ಹಬ್ಬದ ದಿನಕ್ಕೆ ಹಸಿರು ಮೊಳಕೆ ಗೇಣುದ್ದ ಬರುವಂತೆ ನೋಡಿಕೊಳ್ಳುತ್ತಾರೆ. ಗೋಧಿ ಹಿಟ್ಟನ್ನು ನಾದಿ, ಮಡಿಸಿ, ತಿರುವಿ, ಎಣ್ಣೆಯಲ್ಲಿ ಕರಿದು ಖಪ್ಸೆ ಎಂಬ ತಿಂಡಿಯನ್ನು ರಾಶಿ ರಾಶಿಯಾಗಿ ಮಾಡುತ್ತಾರೆ. ನಮ್ಮ ಶಂಕರಪೋಳೆಯನ್ನು ತಿಂದು ಬಲ್ಲವರಿಗೆ ಇದರ ರುಚಿಯನ್ನು ವಿವರಿಸಬೇಕಾಗಿಲ್ಲ. ಆದರೆ ಆಕಾರಗಳು ಹಲವು. ಕತ್ತೆಯ ಕಿವಿಯಂತೆ ಉದ್ದವಾಗಿರುವ ದೊಡ್ಡ ಖಪ್ಸೆಗಳನ್ನು ದೇವರ ಪೀಠದಲ್ಲಿ ಒಂದರ ಮೇಲೊಂದು ಅಡ್ಡಡ್ಡವಾಗಿ ಪೇರಿಸಿಡುತ್ತಾರೆ.

ವರ್ಷದ ಕೊನೆಯ ತಿಂಗಳ ಇಪ್ಪತ್ತೊಂಬತ್ತನೆಯ ದಿನದ ರಾತ್ರಿಯ ಊಟವೇ ಈ ಹಬ್ಬದ ಅತ್ಯಂತ ಸ್ವಾರಸ್ಯಕರವಾದ ಭಾಗ. ಅಂದು ‘ಗುತುಕ್’ ಎಂಬ ಗಟ್ಟಿಸಾರನ್ನು ಮಾಡುತ್ತಾರೆ. ‘ಗು’ ಎಂದರೆ ಒಂಬತ್ತು. ಸಾರಿನಲ್ಲಿ ಒಂಬತ್ತು ಬಗೆಯ ಪದಾರ್ಥಗಳಾದರೂ ಇರಬೇಕು. ಅದರಲ್ಲಿ ಬೇಯುವ ಹಿಟ್ಟಿನ ಚೂರುಗಳ ಜೊತೆಗೆ, ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ದೊಡ್ಡ ಉಂಡೆಗಳನ್ನೂ ಹಾಕಿರುತ್ತಾರೆ. ಒಂದೊಂದು ಉಂಡೆಯೊಳಗೂ ಒಂದೊಂದು ವಸ್ತು ಅಡಗಿರುತ್ತದೆ. ಎಲ್ಲರ ಮುಂದೆ ತನ್ನ ಉಂಡೆಯನ್ನು ಒಡೆದು ತೋರಿಸಬೇಕು. ಮೆಣಸಿನಕಾಯಿ ಸಿಕ್ಕಿದವನು ವಾಚಾಳಿ. ಉಪ್ಪಿನ ಹರಳು ಸಿಕ್ಕಿದವನು ಸೋಮಾರಿ. ಉಣ್ಣೆಯ ಎಳೆ ಸಿಕ್ಕಿದವನು ಮೃದುಹೃದಯಿ. ಇದ್ದಿಲು ಸಿಕ್ಕಿದವನ ಹೃದಯವೂ ಇದ್ದಿಲಿನಂತೆಯೇ ಕಪ್ಪು! ಮನೆಯಿಂದ ಮನೆಗೆ ಈ ಅರ್ಥಗಳು ತುಸು ಬದಲಾಗುವುದುಂಟು. ಮನೆಯ ಹಿರಿಯನಿಗೆ ಇದ್ದಿಲೂ, ತುಂಟ ಮೊಮ್ಮಗನಿಗೆ ಉಣ್ಣೆಯೂ ಬಂದಾಗ ಏಳುವ ನಗೆಯನ್ನು ನೀವೇ ಊಹಿಸಿಕೊಳ್ಳಬಹುದು. ವರ್ಷವಿಡೀ ಮುಖದೆದುರು ಹೇಳಲಾಗದ ಮಾತನ್ನು ಒಂದು ಹಿಟ್ಟಿನ ಉಂಡೆಯ ಬಾಯಿಂದ ಹೇಳಿಸುವ ಈ ಉಪಾಯವನ್ನು ಕಂಡುಹಿಡಿದವರು ಮನುಷ್ಯ ಸ್ವಭಾವವನ್ನು ಚೆನ್ನಾಗಿ ಅರಿತವರಾಗಿರಬೇಕು.

ಊಟದ ಕೊನೆಯಲ್ಲಿ ಪ್ರತಿಯೊಬ್ಬರೂ ಹಿಟ್ಟಿನ ಮುದ್ದೆಯೊಂದನ್ನು ಮೈಯಲ್ಲಿ ನೋವಿರುವ ಕಡೆ ಒತ್ತಿಕೊಂಡು, ಮುಷ್ಟಿಯ ಗುರುತು ಮೂಡುವಂತೆ ಹಿಸುಕಿ, ಉಳಿದ ಸಾರಿನೊಂದಿಗೆ ಹಿಟ್ಟಿನ ಬೊಂಬೆಯ ಪಕ್ಕದಲ್ಲಿಡುತ್ತಾರೆ. ಬಳಿಕ ಹುಲ್ಲಿನ ಪಂಜನ್ನು ಹೊತ್ತಿಸಿ, ಹಳೆಯ ವರ್ಷದ ಕೇಡೆಲ್ಲ ಹೊರಡಲಿ ಎಂದು ಕೂಗುತ್ತ ಮನೆಯ ಮೂಲೆ ಮೂಲೆಯನ್ನೂ ತಿರುಗಿ, ಆ ಬೊಂಬೆಯನ್ನು ದಾರಿಗಳು ಕೂಡುವಲ್ಲಿ ಬಿಟ್ಟು ಹಿಂದಿರುಗುತ್ತಾರೆ. ದೃಷ್ಟಿ ನಿವಾಳಿಸಿ ಮೂರುದಾರಿ ಕೂಡುವಲ್ಲಿ ಎಸೆದು ಬರುವ ನಮ್ಮ ಅಜ್ಜಿಯರು ಇದನ್ನು ಕಂಡಿದ್ದರೆ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಊಟದಲ್ಲಿ ಭವಿಷ್ಯವನ್ನು ಅಡಗಿಸಿಡುವ ಪದ್ಧತಿ ಚೀನೀಯರಲ್ಲಿಯೂ ಉಂಟು. ಅವರ ಹೊಸ ವರ್ಷದ ಹಬ್ಬಕ್ಕೆ ವಸಂತದ ಹಬ್ಬವೆಂದೇ ಹೆಸರು. ಅದರ ಹಿಂದಿನ ರಾತ್ರಿ, ಎಷ್ಟೇ ದೂರದಲ್ಲಿರಲಿ, ಮನೆಮಂದಿಯೆಲ್ಲ ಊರಿಗೆ ಬಂದು ಒಟ್ಟಿಗೆ ಕುಳಿತು ಉಣ್ಣಬೇಕು. ಉತ್ತರ ಚೀನದಲ್ಲಿ ಅಂದು ಮಾಡುವ ಕಡುಬಿನಂಥ ತಿಂಡಿಗೆ ಜಿಯಾವ್‌ಜಿ ಎಂದು ಹೆಸರು. ಅವುಗಳಲ್ಲೊಂದರಲ್ಲಿ ನಾಣ್ಯವನ್ನು ಅಡಗಿಸಿಡುವುದುಂಟು. ಅದು ಯಾರ ಹಲ್ಲಿಗೆ ತಾಗುವುದೋ ಅವರಿಗೆ ವರ್ಷವೆಲ್ಲ ಅದೃಷ್ಟ. ಟಿಬೆಟನ್ನರ ಮೊಮೊ ಈ ಕಡುಬಿನ ಹತ್ತಿರದ ಸಂಬಂಧಿ. ಇಂದು ನಮ್ಮ ಪೇಟೆಗಳ ಕೈಗಾಡಿಗಳಲ್ಲಿ ದೊರೆಯುವ ಗೋಬಿ ಮಂಚೂರಿಯನ್ನು ಮಾತ್ರ ಯಾರೂ ಇವುಗಳ ಸಾಲಿಗೆ ಸೇರಿಸಬಾರದು. ಹೆಸರಿನಲ್ಲಿ ಮಂಚೂರಿಯಾ ಇದ್ದರೂ ಅದು ಹುಟ್ಟಿದ್ದು ಭಾರತದ ಒಲೆಯ ಮೇಲೆ.

ಚೀನೀಯರ ಹಬ್ಬವೂ ಲೋಸರೂ ಒಂದೇ ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಇವೆರಡೂ ಚಂದ್ರನನ್ನು ಅನುಸರಿಸುವ ಹಬ್ಬಗಳು. ಹನ್ನೆರಡು ಪ್ರಾಣಿಗಳ ಹೆಸರಿನಿಂದ ವರ್ಷಗಳನ್ನು ಗುರುತಿಸುವ ಕ್ರಮವೂ ಇಬ್ಬರಲ್ಲಿದೆ. ಆದರೆ ಅಧಿಕಮಾಸವನ್ನು ಸೇರಿಸುವ ಲೆಕ್ಕ ಬೇರೆ ಬೇರೆಯಾದ್ದರಿಂದ ಕೆಲವು ವರ್ಷ ಅವು ಒಂದೇ ದಿನ ಬರುತ್ತವೆ, ಕೆಲವು ವರ್ಷ ಒಂದು ತಿಂಗಳು ದೂರವಾಗುತ್ತವೆ. 2024ರಲ್ಲಿ ಎರಡೂ ಫೆಬ್ರವರಿ 10ರಂದೇ ಬಂದವು. 2025ರಲ್ಲಿ ಚೀನೀಯರ ಹಬ್ಬ ಜನವರಿ 29ಕ್ಕೆ, ಲೋಸರ್ ಫೆಬ್ರವರಿ 28ಕ್ಕೆ, ನಮ್ಮ ಯುಗಾದಿ ಮಾರ್ಚ್ 30ಕ್ಕೆ, ಹೀಗೆ ಮೂವತ್ತು ಮೂವತ್ತು ದಿನಗಳ ಅಂತರದಲ್ಲಿ ಮೂರು ಹೊಸ ವರ್ಷಗಳು ಬಂದುಹೋದವು.

ಇನ್ನೂ ಒಂದು ವಿಶೇಷವಿದೆ. ಪ್ರಭವ, ವಿಭವ ಮುಂತಾದ ಅರವತ್ತು ಸಂವತ್ಸರಗಳನ್ನು ನೀವು ಬಲ್ಲಿರಿ. ಟಿಬೆಟ್ಟಿನಲ್ಲಿಯೂ ಅರವತ್ತು ವರ್ಷಗಳ ಚಕ್ರವೊಂದುಂಟು. ಅದರ ಹೆಸರು ‘ರಬ್‌ಜುಂಗ್’. ಇದು ‘ಪ್ರಭವ’ ಎಂಬ ಸಂಸ್ಕೃತ ಪದದ ಟಿಬೆಟನ್ ಅನುವಾದ! ಕಾಲಚಕ್ರ ತಂತ್ರವೆಂಬ ಗ್ರಂಥದ ಮೂಲಕ ಭಾರತದಿಂದ ಹೋದ ಈ ಗಣನೆಯು ಅಲ್ಲಿ 1027ರಿಂದ ಆರಂಭವಾಗುತ್ತದೆ. ಅಲ್ಲಿಂದ ಅರವತ್ತರಂತೆ ಎಣಿಸುತ್ತ ಬಂದರೆ 1987ಕ್ಕೆ ಹದಿನೇಳನೆಯ ಚಕ್ರದ ಮೊದಲ ವರ್ಷ. ನಮ್ಮ ಪಂಚಾಂಗದಲ್ಲಿಯೂ 1987ರ ಯುಗಾದಿಯಂದು ಆರಂಭವಾದುದು ಪ್ರಭವ ಸಂವತ್ಸರವೇ. ಚೀನೀಯರ ಅರವತ್ತರ ಚಕ್ರವಾದರೋ ಮೂರು ವರ್ಷ ಮೊದಲೇ, 1984ರಲ್ಲಿ, ಹೊಸದಾಗಿ ತೊಡಗಿತ್ತು. ಪ್ರಾಣಿಗಳ ಹೆಸರು ಚೀನದ್ದು, ಚಕ್ರದ ಮೊದಲು ಭಾರತದ್ದು. ಎರಡನ್ನೂ ಹೆಣೆದು ಬದುಕಿಗೆ ಒಗ್ಗಿಸಿಕೊಂಡವರು ಟಿಬೆಟನ್ನರು.

ಲೋಸರಿನ ಮೊದಲ ದಿನ ನಸುಕಿನಲ್ಲಿಯೇ ಎದ್ದು ಹೊಸ ನೀರನ್ನು ತುಂಬಿ ತರುವುದು ಪದ್ಧತಿ. ಮಲೆನಾಡಿನಲ್ಲಿ ದೀಪಾವಳಿಗೆ ನೀರು ತುಂಬುವ ಹಬ್ಬವನ್ನು ಮಾಡುವ ನಮಗೆ ಇದು ಅಪರಿಚಿತವಲ್ಲ. ಹೆಂಗಸರೂ ಗಂಡಸರೂ ಛುಪಾ ಎಂಬ ಉದ್ದನೆಯ ನಿಲುವಂಗಿಯನ್ನು ಧರಿಸುತ್ತಾರೆ. ಮದುವೆಯಾದ ಹೆಂಗಸರು ಅದರ ಮುಂದೆ ಬಣ್ಣಬಣ್ಣದ ಪಟ್ಟೆಗಳ ಪಂಗ್ದೆನ್ ಕಟ್ಟಿಕೊಳ್ಳುತ್ತಾರೆ. ಮನೆಗೆ ಬಂದ ಅತಿಥಿಯ ಮುಂದೆ ಎರಡು ಮನೆಗಳುಳ್ಳ ಮರದ ಪೆಟ್ಟಿಗೆಯೊಂದನ್ನು ಹಿಡಿಯುತ್ತಾರೆ. ಒಂದರಲ್ಲಿ ತುಪ್ಪ ಸಕ್ಕರೆ ಕಲಸಿದ ಜವೆಗೋಧಿಯ ಹುರಿಹಿಟ್ಟು, ಇನ್ನೊಂದರಲ್ಲಿ ಹುರಿದ ಕಾಳು. ಅತಿಥಿಯು ಚಿಟಿಕೆಯಷ್ಟನ್ನು ತೆಗೆದುಕೊಂಡು ಮೂರು ಸಲ ಮೇಲಕ್ಕೆ ಚಿಮ್ಮಿ, ತಾನೂ ಬಾಯಿಗೆ ಹಾಕಿಕೊಂಡು, ‘ತಾಶಿ ದೆಲೆ’ ಎನ್ನಬೇಕು. ಶುಭವಾಗಲಿ ಎಂಬುದು ಅದರ ಭಾವ. ಬೆಣ್ಣೆ ಮತ್ತು ದ್ರಾಕ್ಷಿ ಬೆರೆಸಿದ ಸಿಹಿ ಅನ್ನ, ಉಪ್ಪು ಹಾಕಿ ಕಡೆದ ಬೆಣ್ಣೆ ಚಹಾ ಮುಂದೆ ಬರುತ್ತವೆ. ಚಹಾಕ್ಕೆ ಉಪ್ಪೇ ಎಂದು ಮೊದಲ ಗುಟುಕಿಗೆ ಮುಖ ಸಿಂಡರಿಸುವವರುಂಟು. ಅದನ್ನು ಚಹಾ ಎಂದು ತಿಳಿಯದೆ ತೆಳ್ಳನೆಯ ಸಾರೆಂದು ತಿಳಿದು ಕುಡಿದರೆ ತೊಂದರೆಯಿಲ್ಲ.

ಹಬ್ಬದ ಮೊದಲ ದಿನಗಳು ಕಳೆದ ಮೇಲೆ ಕ್ಯಾಂಪಿನ ಹೋಟೆಲುಗಳು ಮತ್ತೆ ತೆರೆಯುತ್ತವೆ. ಅಂಥದೊಂದರಲ್ಲಿ ಒಮ್ಮೆ ನಾನು ಕುಳಿತಿದ್ದಾಗ, ಪಕ್ಕದ ಮೇಜಿಗೆ ಶಿರಸಿಯ ಕಡೆಯ ಕುಟುಂಬವೊಂದು ಬಂದಿತು. ಅವರಲ್ಲಿ ಹಿರಿಯರಾದವರು ಥುಕ್ಪಾ ಎಂಬ ಶಾವಿಗೆಸಾರಿನ ಬಟ್ಟಲನ್ನು ಸಂಶಯದಿಂದ ನೋಡಿ, “ತಂಗಿ, ಇದರಲ್ಲಿ ಮಾಂಸ ಇಲ್ಲವಷ್ಟೆ?” ಎಂದರು. ಬಡಿಸುತ್ತಿದ್ದ ಟಿಬೆಟನ್ ಹುಡುಗಿ ನಕ್ಕು, “ಇಲ್ಲ ಅಜ್ಜ, ಬರೀ ತರಕಾರಿ. ನಿಮಗೆ ಖಾರ ಬೇಕಾದರೆ ಬೇರೆ ಕೊಡುತ್ತೇನೆ” ಎಂದಳು. ಅವಳ ಕನ್ನಡದಲ್ಲಿ ಒಂದು ಅಕ್ಷರವೂ ತೊಡರಲಿಲ್ಲ. ಮುಂಡಗೋಡಿನಲ್ಲಿಯೇ ಹುಟ್ಟಿ ಬೆಳೆದ ಅವಳಿಗೆ ಲ್ಹಾಸಾ ನಗರವು ಅಜ್ಜ ಹೇಳಿದ ಕಥೆ ಮಾತ್ರ.

ಎಲ್ಲ ವರ್ಷಗಳೂ ಹೀಗೆ ನಗುವಿನಿಂದ ಕೂಡಿರುವುದಿಲ್ಲ. 2008ರಲ್ಲಿ ಟಿಬೆಟ್ಟಿನಲ್ಲಿ ನಡೆದ ಪ್ರತಿಭಟನೆಗಳಲ್ಲಿಯೂ ಅವುಗಳನ್ನು ಅಡಗಿಸಿದ ಸಂದರ್ಭದಲ್ಲಿಯೂ ಜೀವಹಾನಿಯಾಯಿತು. ಮಡಿದವರಿಗಾಗಿ ಶೋಕವನ್ನು ಆಚರಿಸಬೇಕೆಂದು 2009ರ ಲೋಸರಿನಲ್ಲಿ ಟಿಬೆಟನ್ನರು ಎಲ್ಲೆಡೆ ಹಾಡು ಕುಣಿತಗಳನ್ನು ಕೈಬಿಟ್ಟು, ದೀಪ ಹಚ್ಚಿ ಪ್ರಾರ್ಥಿಸಿದರು. ಹಬ್ಬವನ್ನು ಮಾಡುವುದರಂತೆಯೇ ಮಾಡದಿರುವುದಕ್ಕೂ ಒಂದು ಅರ್ಥವಿರಬಲ್ಲುದೆಂದು ಆ ವರ್ಷ ನೆರೆಯ ನಮ್ಮವರಿಗೂ ತಿಳಿಯಿತು.

ಈಗ ಇನ್ನೊಂದು ಚಿಂತೆ ಅವರನ್ನು ಕಾಡುತ್ತಿದೆ. ತರುಣರು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಬೆಂಗಳೂರಿಗೂ ಅಲ್ಲಿಂದ ಕಡಲಾಚೆಯ ದೇಶಗಳಿಗೂ ಹೋಗುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ವೃದ್ಧರು ಮಾತ್ರ ಉಳಿದಿದ್ದಾರೆ. ಗುತುಕ್ ಸಾರಿಗೆ ಹತ್ತು ಉಂಡೆಗಳನ್ನು ಕಟ್ಟುತ್ತಿದ್ದ ಕೈಗಳು ಈಗ ಎರಡು ಮೂರನ್ನು ಕಟ್ಟುತ್ತವೆ. ಅಡಿಕೆ ತೋಟಗಳ ನಡುವೆ ಮುಚ್ಚಿದ ಬಾಗಿಲುಗಳನ್ನು ದಿನವೂ ನೋಡುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಹೊಸ ಪ್ರಾರ್ಥನಾ ಪತಾಕೆಗಳನ್ನು ಹಿಡಿದು ಹೊರಡುತ್ತಾರೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂಬ ಐದು ಬಣ್ಣದ ಬಟ್ಟೆಗಳ ಮೇಲೆ ಮಂತ್ರಗಳು ಅಚ್ಚಾಗಿರುತ್ತವೆ. ಸುವಾಸನೆಯ ಸೊಪ್ಪನ್ನು ಸುಟ್ಟು ಹೊಗೆಯೆಬ್ಬಿಸಿ, ಹುರಿಹಿಟ್ಟನ್ನು ಆಕಾಶಕ್ಕೆ ಚಿಮ್ಮುತ್ತಾರೆ. ಕಳೆದ ವರ್ಷದ ಪತಾಕೆಗಳು ಮಲೆನಾಡಿನ ಮಳೆಗೆ ಬಣ್ಣ ಕಳೆದುಕೊಂಡು ಅಲ್ಲಿಯೇ ಜೋತಾಡುತ್ತಿರುತ್ತವೆ. ಅವುಗಳ ಪಕ್ಕದಲ್ಲಿಯೇ ಹೊಸವನ್ನು ಕಟ್ಟುತ್ತಾರೆ. ಅಷ್ಟು ಹೊತ್ತಿಗೆ ಬಿಸಿಲೇರಿರುತ್ತದೆ. ಕೊಯ್ಲು ಮುಗಿದ ಹೊಲಗಳ ಮೇಲಿಂದ ಬೀಸಿ ಬರುವ ಗಾಳಿಗೆ ಪತಾಕೆಗಳು ಪಟಪಟನೆ ಹಾರಾಡತೊಡಗುತ್ತವೆ. ಮಕ್ಕಳು ಜೇಬಿನಲ್ಲಿ ಉಳಿದ ಖಪ್ಸೆಯನ್ನು ಕಡಿಯುತ್ತ ಮನೆಯ ಕಡೆಗೆ ಓಡುತ್ತಾರೆ.