ಸಿಗದ ಡಬ್ಬಿಯನ್ನು ಸಿಕ್ಕಿತೆಂದು ಬರೆದ ಮಗ

ಪ್ರಶ್ನೆ: ನಾವು ತುಮಕೂರಿನವರು. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಚಾರ್ಲ್ಸ್‌ಗೆ ಬಂದು ನೆಲೆಸಿ ಹತ್ತು ವರ್ಷ ದಾಟಿತು. ಒಬ್ಬನೇ ಮಗ, ಹದಿನಾಲ್ಕು ವರ್ಷ. ಶಾಲೆಯಿಂದ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ಬಿಡುತ್ತಿದ್ದ. ಹೋದ ವರ್ಷ ಸ್ನೇಹಿತನೊಬ್ಬ ಜಿಯೋಕ್ಯಾಶಿಂಗ್ ಹೇಳಿಕೊಟ್ಟ ಮೇಲೆ ಹೊರಗೆ ಓಡಾಡಲು ಶುರು ಮಾಡಿದ. ಕೇಟಿ ಟ್ರೇಲ್ ನಮ್ಮೂರಿನ ಮಧ್ಯದಲ್ಲೇ ಹೋಗುತ್ತದೆ. ಹಳೆಯ ರೈಲುಹಾದಿ, ಈಗ ಸ್ಟೇಟ್ ಪಾರ್ಕ್. ಅದರ ಉದ್ದಕ್ಕೂ ಯಾರೋ ಬಚ್ಚಿಟ್ಟ ಡಬ್ಬಿಗಳನ್ನು ಫೋನಿನ ನಕ್ಷೆ ನೋಡಿ ಹುಡುಕುತ್ತಾನೆ. ಆ ಸ್ನೇಹಿತನ ಮನೆಯವರು ಬೇರೆ ರಾಜ್ಯಕ್ಕೆ ಹೋದ ಮೇಲೆ ಒಬ್ಬನೇ ಹೋಗುತ್ತಿದ್ದಾನೆ.

ಕಳೆದ ತಿಂಗಳು ಒಂದು ಡಬ್ಬಿಯ ಮಾಲೀಕರಿಂದ ಮೇಲ್ ಬಂತು. ಡಬ್ಬಿಯೊಳಗಿನ ಪುಸ್ತಕದಲ್ಲಿ ನಿಮ್ಮ ಹುಡುಗನ ಸಹಿ ಇಲ್ಲ, ಹಾಗಾಗಿ ಅವನ ದಾಖಲೆ ತೆಗೆದಿದ್ದೇನೆ, ಇನ್ನೊಮ್ಮೆ ಹೋದಾಗ ಸಹಿ ಹಾಕಲಿ ಎಂದು ಮರ್ಯಾದೆಯಿಂದಲೇ ಬರೆದಿದ್ದರು. ಮಗನನ್ನು ಕೂರಿಸಿ ಕೇಳಿದೆ. ಅತ್ತುಬಿಟ್ಟ. ಇನ್ನೂ ಕೆಲವನ್ನು ಹುಡುಕದೆಯೇ ಸಿಕ್ಕಿತೆಂದು ಹಾಕಿದ್ದಾನಂತೆ. ಯಾವ್ಯಾವುದು ಎಂದು ತೋರಿಸಿದ. ಊರೊಳಗಿನ ಹಳೇ ಡಿಪೋ ಹತ್ತಿರದ್ದು, ಪಾರ್ಕಿಂಗ್ ಜಾಗದ್ದು, ಜನ ಕೂತು ತಿನ್ನುವ ಬೆಂಚುಗಳ ಬಳಿಯದು, ಹೀಗೆ ಬಲು ಸುಲಭದವು. ಡಿಫೈಯನ್ಸ್ ದಾಟಿ ಅಗಸ್ಟಾ ಕಡೆಗಿನ ಕಷ್ಟದ ಡಬ್ಬಿಗಳನ್ನೆಲ್ಲ ನಿಜವಾಗಿ ಹುಡುಕಿದ್ದಾನೆ, ಫೋಟೋ ಇದೆ. ಕಷ್ಟದ್ದು ಮಾಡುವವನು ಸುಲಭದ್ದಕ್ಕೆ ಯಾಕೆ ಸುಳ್ಳು ಹೇಳಬೇಕು? ಯಜಮಾನರು ಅಕೌಂಟ್ ತೆಗೆಸುತ್ತೇನೆ ಎನ್ನುತ್ತಿದ್ದಾರೆ. ಊರಿಂದ ಬಂದಿರುವ ಅತ್ತೆ, ಆಟದ ಸುಳ್ಳು ಬಿಡಮ್ಮ ಎನ್ನುತ್ತಾರೆ. ಅವರ ಜೊತೆ ಹೋದ ದಿನ ಡಿಪೋ ಹತ್ತಿರದ್ದೇ ಒಂದನ್ನು ಹುಡುಕಿ ಸಹಿ ಹಾಕಿ ಬಂದಿದ್ದಾನೆ. ನನ್ನ ಮಗ ಸುಳ್ಳುಗಾರನಾಗುತ್ತಿದ್ದಾನೆಯೇ?
— ಹೆಸರು ಬೇಡ, ಮಿಸೌರಿ

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರವನ್ನು ನೀವೇ ಬರೆದಿದ್ದೀರಿ. ಸುಳ್ಳು ದಾಖಲೆಗಳಿರುವ ಜಾಗಗಳನ್ನು ಇನ್ನೊಮ್ಮೆ ಓದಿ: ಡಿಪೋ, ಪಾರ್ಕಿಂಗ್, ಬೆಂಚು. ಎಲ್ಲವೂ ಜನ ಇರುವ ಕಡೆ. ನಿಜವಾದವೆಲ್ಲ ಒಂದು ಪಕ್ಕ ಸುಣ್ಣಕಲ್ಲಿನ ಬಂಡೆಗೋಡೆ, ಇನ್ನೊಂದು ಪಕ್ಕ ಹೊಲ, ಆಗೊಮ್ಮೆ ಈಗೊಮ್ಮೆ ಒಬ್ಬ ಸೈಕಲ್ ಸವಾರ ಹಾದುಹೋಗುವ ಕಡೆಯವು. ಅಜ್ಜಿ ಜೊತೆಗಿದ್ದ ದಿನ ಜನರ ನಡುವೆಯೂ ಹುಡುಕಿದ್ದಾನೆ. ಲೆಕ್ಕ ಹೆಚ್ಚಿಸುವ ಆಸೆಯಿಂದ ಸುಳ್ಳು ಬರೆಯುವ ಹುಡುಗನಾಗಿದ್ದರೆ ಕಷ್ಟದ್ದಕ್ಕೇ ಬರೆಯುತ್ತಿದ್ದ. ಇವನು ಸೋತಿರುವುದು ಡಬ್ಬಿಯ ಮುಂದಲ್ಲ, ನೋಡುವ ಕಣ್ಣುಗಳ ಮುಂದೆ. ಒಬ್ಬನೇ ಇದ್ದಾಗ, ಜನ ನೋಡುತ್ತಿರುವಾಗ, ಪೊದೆಯೊಳಗೆ ಕೈ ಹಾಕಲು ಅವನಿಗೆ ಆಗುತ್ತಿಲ್ಲ ಎಂದು ನನಗೆ ಕಾಣುತ್ತದೆ. ನೀವು ಅವನನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಈ ಆಟ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ನಿಮ್ಮ ಯಜಮಾನರಿಗೂ ಇದು ಬೇಕು. 2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ನಿಂತ ಜಾಗ ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ಆ ತಪ್ಪನ್ನು ತೆಗೆದ ಬೆನ್ನಲ್ಲೇ, ಮೇ 3ರಂದು, ಡೇವ್ ಅಲ್ಮರ್ ಎಂಬುವರು ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಅದರಲ್ಲಿ ಕೆಲವು ಸಾಮಾನುಗಳ ಜೊತೆ ಒಂದು ಪುಸ್ತಕ, ಒಂದು ಪೆನ್ಸಿಲ್ ಇದ್ದವು. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಎಂಬುದು ಅಂದಿನ ನಿಯಮ. ಇಂದಿಗೂ ಡಬ್ಬಿಯೊಳಗಿನ ಕಾಗದದಲ್ಲಿ ಸಹಿ ಹಾಕಿದರೆ ಮಾತ್ರ ಸಿಕ್ಕಿತೆಂದು ದಾಖಲಿಸಬಹುದು. ಅಲ್ಲಿ ಕಾವಲುಗಾರನಿಲ್ಲ, ತೀರ್ಪುಗಾರನಿಲ್ಲ. ಆಡುವವನ ಮಾತೇ ಪ್ರಮಾಣ.

ಈಗ ಆ ಹುಡುಗನ ಜಾಗದಲ್ಲಿ ನಿಂತು ನೋಡಿ. ಬೇಕೆಂದೇ ಬೆರೆಸುತ್ತಿದ್ದ ತಪ್ಪು ಹೋದರೂ, ಮರದಡಿಯಲ್ಲಿ, ಬಂಡೆಯ ಬುಡದಲ್ಲಿ, ಕಟ್ಟಡದ ಪಕ್ಕದಲ್ಲಿ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ. ಡಬ್ಬಿ ಕೆಲವೊಮ್ಮೆ ಬೆರಳ ತುದಿಯಷ್ಟೇ ಇರುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಕಾಲು ಗಂಟೆ ಬಗ್ಗಿ, ಎದ್ದು, ಬೆಂಚಿನ ಅಡಿ ತಡವಬೇಕು. ಅದರ ಮೇಲೆ ಈ ಆಟದವರು ಹೊಸಬರಿಗೆ ಇನ್ನೊಂದು ಪಾಠ ಹೇಳುತ್ತಾರೆ: ಆಟ ಗೊತ್ತಿಲ್ಲದ ‘ಮಗಲ್’ಗಳು, ಅಂದರೆ ಹೊರಗಿನವರು, ನೋಡದಂತೆ ಹುಡುಕಬೇಕು, ಇಲ್ಲದಿದ್ದರೆ ಡಬ್ಬಿ ಕಳುವಾಗುತ್ತದೆ. ಆ ಪಾಠಕ್ಕೆ ಕಾರಣವೇನೋ ಇದೆ. ಆದರೆ ಮೊದಲೇ ಜನರ ನೋಟಕ್ಕೆ ಮೈ ಮುದುಡುವ ಹುಡುಗನಿಗೆ, ಯಾರೂ ನೋಡದ ಹಾಗೆ ಹುಡುಕು ಎಂದರೆ ಭಾರ ಎರಡು ಪಟ್ಟಾಗುತ್ತದೆ. ಬಚ್ಚಿಟ್ಟುಕೊಂಡು ಹುಡುಕುವವನು ನೋಡುವವರಿಗೆ ಕಳ್ಳನಂತೆಯೇ ಕಾಣುತ್ತಾನೆ, ಹಾಗೆ ಕಾಣುತ್ತೇನೆಂದು ಅವನಿಗೂ ಗೊತ್ತಿರುತ್ತದೆ.

ಅವನ ಮೈಬಣ್ಣದ ಮಾತನ್ನು ನೀವು ಬರೆದಿಲ್ಲ. ನಾನು ಎತ್ತುತ್ತೇನೆ, ಏಕೆಂದರೆ ಹದಿನಾಲ್ಕರ ಹುಡುಗ ಅದನ್ನು ಯೋಚಿಸದೆ ಇರಲಾರ. ಆ ವಯಸ್ಸಿಗೆ ಒಮ್ಮೆಲೇ ಎತ್ತರ ಬೆಳೆದುಬಿಡುವ ಮಕ್ಕಳನ್ನು ಅಪರಿಚಿತರು ಮಕ್ಕಳೆಂದು ನೋಡುವುದನ್ನು ನಿಲ್ಲಿಸುತ್ತಾರೆ. ಇಲ್ಲೇನು ಮಾಡುತ್ತಿದ್ದೀಯ ಎಂದು ಯಾರಾದರೂ ಒಮ್ಮೆ ಗಟ್ಟಿಯಾಗಿ ಕೇಳಿದ್ದರೂ ಸಾಕು, ಮುಂದಿನ ಸಲ ಕಾಲು ಹಿಂದೇಟು ಹಾಕುತ್ತದೆ. ಇದು ಬರೀ ಕಲ್ಪನೆಯ ಭಯವೂ ಅಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಊರಿನಲ್ಲಿ ಕೆಫೆಯ ಬಳಿ ಒಬ್ಬರು ಇಂಥ ಡಬ್ಬಿಯೊಂದಿಗೆ ಇರುವುದನ್ನು ಕಂಡು ಯಾರೋ ಪೊಲೀಸರಿಗೆ ಹೇಳಿ, ಸೇನೆಯ ಬಾಂಬ್ ದಳ ಬಂದು ಅದನ್ನು ಸಿಡಿಸಿತ್ತು. ‘ಯಾರೂ ನಿನ್ನನ್ನು ನೋಡುತ್ತಿಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ಮಾತ್ರ ಅವನಿಗೆ ಹೇಳಬೇಡಿ. ನೋಡುತ್ತಾರೆ. ನೋಡಿದಾಗ ಏನು ಮಾಡಬೇಕೆಂದು ಕಲಿಸಿ.

ಆಟದವರ ಗುಟ್ಟಿನ ನಿಯಮವನ್ನು ಅವನು ಸದ್ಯಕ್ಕೆ ಬದಿಗಿಡಲಿ. ಜನ ಇರುವ ಕಡೆ ಅವರಿಗೆ ಕಾಣುವಂತೆಯೇ ಸೈಕಲ್ ನಿಲ್ಲಿಸಿ, ಹತ್ತಿರ ಕೂತವರ ಮುಖ ನೋಡಿ, ನಾನು ಜಿಯೋಕ್ಯಾಶಿಂಗ್ ಮಾಡುತ್ತಿದ್ದೇನೆ ಎಂದು ತಾನೇ ಮೊದಲು ಹೇಳಲಿ. ಫೋನಿನ ನಕ್ಷೆ ತೋರಿಸಲಿ. ಕೇಟಿ ಟ್ರೇಲಿನಂಥ ಹಾದಿಗೆ ಬರುವವರಲ್ಲಿ ಈ ಆಟದ ಹೆಸರು ಕೇಳಿದವರು ಬೇಕಾದಷ್ಟಿದ್ದಾರೆ. ಪಾರ್ಕಿನ ಸಿಬ್ಬಂದಿಯೋ ಪೊಲೀಸರೋ ಕೇಳಿದರೆ ಕೈಗಳು ಕಾಣುವಂತೆ ನಿಂತು ಇದೇ ಮಾತು ಹೇಳುವುದು, ಓಡದಿರುವುದು, ಆಮೇಲೆ ನಿಮಗೆ ಫೋನ್ ಮಾಡುವುದು. ಈ ಮಾತುಗಳನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಿ. ಮುಜುಗರಪಟ್ಟರೂ ಮಾಡಿಸಿ. ಹೊರಗೆ ನಾಲಿಗೆ ಒಣಗಿದಾಗ ಒಮ್ಮೆ ಆಡಿದ ಮಾತು ತಾನಾಗಿ ಬರುತ್ತದೆ.

ಆ ಹಾದಿಯ ಕಥೆಯನ್ನೂ ಅವನಿಗೆ ಹೇಳಿ. ಅದು ಮಿಸೌರಿ–ಕಾನ್ಸಸ್–ಟೆಕ್ಸಸ್ ರೈಲು ಕಂಪನಿಯ ಮಾರ್ಗವಾಗಿತ್ತು, ಜನ ಅದನ್ನು ಕೇಟಿ ಎನ್ನುತ್ತಿದ್ದರು. 1986ರ ಶರತ್ಕಾಲದ ಪ್ರವಾಹದಲ್ಲಿ ಮಿಸೌರಿ ನದಿ ಹಳಿಗಳನ್ನು ಕೊಚ್ಚಿಕೊಂಡು ಹೋದ ಮೇಲೆ ಅಲ್ಲಿ ರೈಲು ನಿಂತಿತು. ಬಿಟ್ಟುಹೋದ ರೈಲುಹಾದಿಯನ್ನು ಮುಂದೆಂದಾದರೂ ರೈಲಿಗೇ ಬೇಕಾಗಬಹುದೆಂದು ಕಾಯ್ದಿರಿಸಿ, ಅಲ್ಲಿಯವರೆಗೆ ಜನರ ನಡಿಗೆಗೆ ಬಿಡಬಹುದೆಂಬ ಕಾನೂನು 1983ರಲ್ಲೇ ಬಂದಿತ್ತು. ಟೆಡ್ ಜೋನ್ಸ್, ಪ್ಯಾಟ್ ಜೋನ್ಸ್ ಎಂಬ ದಂಪತಿ ಈ ಹಾದಿಯನ್ನು ಹಾಗೆ ಉಳಿಸಲು 22 ಲಕ್ಷ ಡಾಲರ್ ಕೊಟ್ಟರು. ಪಕ್ಕದ ಜಮೀನಿನವರಲ್ಲಿ ಕೆಲವರು ಈ ನೆಲ ನಮಗೆ ಮರಳಬೇಕೆಂದು ಕೋರ್ಟಿಗೆ ಹೋದರು, ಅಲ್ಲಿ ಸೋತರು. 1990ರಲ್ಲಿ ರೋಚ್‌ಪೋರ್ಟ್ ಬಳಿ ಮೊದಲ ತುಂಡು ತೆರೆಯಿತು. ಇಂದು ಸುಮಾರು 240 ಮೈಲಿ. ಯಾರು ಬೇಕಾದರೂ ನಡೆಯಬಹುದು ಎಂಬ ಹಕ್ಕು ಅಲ್ಲಿ ಜಗಳವಾಡಿ, ದುಡ್ಡು ಸುರಿದು ಗಳಿಸಿದ್ದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಅಲ್ಲಿರಲು ನಿಮ್ಮ ಮಗ ಯಾರಿಂದಲೂ ಅಪ್ಪಣೆ ಪಡೆಯಬೇಕಿಲ್ಲ. ಇದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತರೆ, ಬೆಂಚಿನ ಅಡಿ ಬಗ್ಗುವಾಗ ಬೆನ್ನು ಅಷ್ಟು ಬಿಗಿಯುವುದಿಲ್ಲ. ಜೊತೆಗೆ ಎಲ್ಲೆಯೂ ಗೊತ್ತಿರಲಿ: ಹಾದಿಯ ಪಟ್ಟಿ ಅಗಲವಿಲ್ಲ, ಬೇಲಿಯ ಆಚೆ ಇರುವುದು ಇನ್ನೊಬ್ಬರ ಹೊಲ. ಜಾಗದ ಮಾಲೀಕರ ಒಪ್ಪಿಗೆಯಿಲ್ಲದೆ ಡಬ್ಬಿ ಇಡಬಾರದೆಂಬುದು ಆಟದ್ದೇ ನಿಯಮ. ಬೇಲಿ ಹಾರಬೇಕು ಎನಿಸಿದರೆ ಅವನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾನೆ ಎಂದೇ ಲೆಕ್ಕ.

ಇನ್ನು ಸುಳ್ಳಿನ ವಿಷಯ. ನಿಮ್ಮ ಅತ್ತೆಯವರ ಪ್ರೀತಿ ದೊಡ್ಡದು, ಆದರೆ ಈ ಒಂದು ಮಾತಿನಲ್ಲಿ ನಾನು ಅವರ ಕಡೆ ಇಲ್ಲ. ಕಾರಣ ಏನೇ ಇರಲಿ, ಅದು ಸುಳ್ಳೇ. ಅದರಿಂದ ಬೇರೆಯವರಿಗೆ ತೊಂದರೆಯಾಗುತ್ತದೆ, ಅದನ್ನು ಅವನಿಗೆ ಬಿಡಿಸಿ ಹೇಳಬೇಕು. ಡಬ್ಬಿಗಳು ನೆರೆಯಲ್ಲಿ ಹೋಗುತ್ತವೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಒಡೆಯುತ್ತವೆ, ಯಾರದೋ ಕೈಗೆ ಸಿಕ್ಕಿ ಕಾಣೆಯಾಗುತ್ತವೆ. ಇಟ್ಟವರಿಗೆ ಅದು ತಿಳಿಯುವುದು ಹುಡುಕಿದವರ ದಾಖಲೆಗಳಿಂದಲೇ. ನಾಲ್ಕು ಜನ ಸಾಲಾಗಿ ಸಿಗಲಿಲ್ಲ ಎಂದು ಬರೆದರೆ ಅವರು ಹೋಗಿ ನೋಡಿ ಹೊಸದು ಇಡುತ್ತಾರೆ. ನಡುವೆ ಒಬ್ಬ ಸುಮ್ಮನೆ ಸಿಕ್ಕಿತು ಎಂದು ಬರೆದರೆ ಡಬ್ಬಿ ಇದೆ ಎಂದುಕೊಳ್ಳುತ್ತಾರೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಐವತ್ತು ಮೈಲಿ ಕಾರು ಓಡಿಸಿ ಬಂದ ಮನೆಯವರು ಇಲ್ಲದ ಡಬ್ಬಿಗಾಗಿ ಬಿಸಿಲಲ್ಲಿ ತಡಕಾಡುತ್ತಾರೆ. ಇದನ್ನು ಕೇಳಿದರೆ ನಿಮ್ಮ ಮಗನಿಗೆ ಅರ್ಥವಾಗುತ್ತದೆ. ಕೇಳಿದ ಕೂಡಲೇ ಯಾವ್ಯಾವುದು ಎಂದು ತಾನೇ ತೋರಿಸಿದವನು ಅವನು.

‘ಸಿಗಲಿಲ್ಲ’ ಎಂಬ ದಾಖಲೆ ಸೋಲಲ್ಲ, ಆಟಕ್ಕೆ ಸಲ್ಲಿಸಿದ ಸೇವೆ. ಈ ಆಟದಲ್ಲಿ ಅದಕ್ಕೂ ಒಂದು ಗುರುತಿದೆ: ಸಿಕ್ಕಿದ್ದಕ್ಕೆ ಹಳದಿ ನಗುಮುಖ, ಸಿಗದ್ದಕ್ಕೆ ನೀಲಿ ಬಾಡುಮುಖ. ನಕ್ಷೆ ತುಂಬ ಹಳದಿಯೇ ಇರಬೇಕೆಂಬ ಒತ್ತಡವೂ ಒಂದಿಷ್ಟು ಇದ್ದೀತು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇದ್ದರೆ ಸಾಕು ಎಂಬ ನಿಯಮವಿರುವುದರಿಂದ ರೈಲುಹಾದಿಯಂಥ ನೇರ ದಾರಿಗಳಲ್ಲಿ ಸಾಲುಸಾಲಾಗಿ ಇಟ್ಟಿರುತ್ತಾರೆ. ಸಾಲಿನ ನಡುವೆ ಒಂದು ಬಿಟ್ಟುಹೋದರೆ ಆ ವಯಸ್ಸಿನವರಿಗೆ ಮನಸ್ಸು ತಡೆಯುವುದಿಲ್ಲ. ಆ ನೀಲಿಮುಖಗಳಿಗೂ ನಿಮ್ಮ ಮನೆಯಲ್ಲಿ ಬೆಲೆ ಸಿಗಲಿ. ಎಷ್ಟು ಸಿಕ್ಕಿತು ಎಂದು ಕೇಳುವ ಬದಲು ಎಲ್ಲೆಲ್ಲಿ ಹುಡುಕಿದೆ ಎಂದು ಕೇಳಿ.

ಒಂದು ಸಂಜೆ ಪಕ್ಕದಲ್ಲಿ ಕೂತು, ಹುಡುಕದೆ ಬರೆದ ದಾಖಲೆಗಳನ್ನು ಅವನೇ ಒಂದೊಂದಾಗಿ ಅಳಿಸಲಿ. ನೀವು ಮುಟ್ಟಬೇಡಿ. ಮೇಲ್ ಕಳಿಸಿದ ಮಾಲೀಕರಿಗೆ ಅವನೇ ನಾಲ್ಕು ಸಾಲು ಬರೆಯಲಿ: ನಾನು ಸಹಿ ಹಾಕಿರಲಿಲ್ಲ, ಬೇರೆ ಕೆಲವಕ್ಕೂ ಹಾಗೆ ಮಾಡಿದ್ದೆ, ಅಳಿಸಿದ್ದೇನೆ, ಮತ್ತೆ ಹೋಗಿ ಹುಡುಕುತ್ತೇನೆ. ಭಯದ ಕಾರಣವನ್ನು ಅಪರಿಚಿತರಿಗೆ ವಿವರಿಸುವ ಅಗತ್ಯವಿಲ್ಲ. ಆ ವಿಷಯ ಮನೆಯೊಳಗೇ ಇರಲಿ.

ನಿಮ್ಮ ಯಜಮಾನರಿಗೆ ನನ್ನ ವಿನಂತಿ: ಅಕೌಂಟ್ ತೆಗೆಸಬೇಡಿ. ತೆಗೆಸಿದರೆ ತಿದ್ದಿಕೊಳ್ಳುವ ಜಾಗವೇ ಇಲ್ಲವಾಗುತ್ತದೆ. ಕೋಣೆಯಿಂದ ಹೊರಗೆ ಬಂದ ಹುಡುಗ ಮತ್ತೆ ಕೋಣೆಗೆ ಹೋಗುತ್ತಾನೆ, ಈ ಸಲ ನಾಚಿಕೆಯನ್ನೂ ಹೊತ್ತುಕೊಂಡು. ಅದರ ಬದಲು ಕೆಲವು ಶನಿವಾರ ನೀವೇ ಅವನ ಜೊತೆ ಹೋಗಿ, ಆ ಸುಲಭದ ಡಬ್ಬಿಗಳ ಹತ್ತಿರಕ್ಕೇ. ನೀವು ಹುಡುಕಿ ಕೊಡಬೇಡಿ. ಹತ್ತು ಹೆಜ್ಜೆ ದೂರದಲ್ಲಿ ನಿಂತಿರಿ ಸಾಕು. ಮುಂದಿನ ವಾರ ಇಪ್ಪತ್ತು ಹೆಜ್ಜೆ, ಆಮೇಲೆ ರಸ್ತೆಯಾಚೆಯ ಅಂಗಡಿಯಲ್ಲಿ ಕಾಫಿ. ಇಂಥ ಭಯ ಒಂದೇ ಏಟಿಗೆ ಹೋಗುವುದಿಲ್ಲ, ಹೀಗೆ ದೂರ ಹೆಚ್ಚಿಸುತ್ತ ಹೋದಾಗ ಕರಗುತ್ತದೆ. ಅಜ್ಜಿ ಇರುವಷ್ಟು ದಿನ ಅವರೂ ಹೋಗಲಿ. ರೈಲಿಗೆ ಕಡಿದಾದ ಏರು ಹತ್ತಲಾಗುವುದಿಲ್ಲ, ಹಾಗಾಗಿ ಹಳೆಯ ರೈಲುಹಾದಿ ಮಂಡಿನೋವಿನವರಿಗೂ ಒದಗುವಷ್ಟು ಸಮತಟ್ಟಾಗಿರುತ್ತದೆ. ಕಲ್ಲಿನ ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಲಿ, ಆ ಕಡೆ ಹಾವುಗಳಿವೆ. ಮೂರೆಲೆಯ ಪಾಯ್ಸನ್ ಐವಿ ಬಳ್ಳಿಯನ್ನು ಗುರುತಿಸಲು ಕಲಿಯಲಿ. ಮನೆಗೆ ಬಂದ ಮೇಲೆ ಉಣ್ಣೆ ಹತ್ತಿದೆಯೇ ಎಂದು ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿಕೊಳ್ಳಲಿ.

ಕೊನೆಯದಾಗಿ ಒಂದನ್ನು ಗಮನಿಸಿ. ಸ್ನೇಹಿತ ಊರು ಬಿಟ್ಟ ಮೇಲೆ ಇವನು ಒಬ್ಬನಾದ ಎಂದು ಬರೆದಿದ್ದೀರಿ. ಜನರ ನೋಟದ ಈ ಹೆದರಿಕೆ ಟ್ರೇಲಿನಲ್ಲಿ ಮಾತ್ರವೋ, ಶಾಲೆಯಲ್ಲೂ ಇದೆಯೋ? ಊಟದ ಹೊತ್ತಿನಲ್ಲಿ ಯಾರ ಜೊತೆ ಕೂರುತ್ತಾನೆ, ತರಗತಿಯಲ್ಲಿ ಕೈ ಎತ್ತುತ್ತಾನೆಯೇ, ಅಂಗಡಿಯಲ್ಲಿ ತಾನೇ ಮಾತಾಡಿ ಸಾಮಾನು ತರುತ್ತಾನೆಯೇ ಎಂದು ಕೇಳಿ ತಿಳಿಯಿರಿ. ಅದನ್ನು ಎದುರು ಕೂರಿಸಿಕೊಂಡು ಕೇಳಬೇಡಿ, ಕಾರಿನಲ್ಲಿ ಹೋಗುವಾಗ, ಮುಖ ಮುಖ ನೋಡಬೇಕಿಲ್ಲದಾಗ ಕೇಳಿ. ಅಲ್ಲೆಲ್ಲ ಸರಿಯಿದ್ದರೆ ನೀವೂ ಯಜಮಾನರೂ ಸೇರಿ ಇದನ್ನು ಕೆಲವೇ ತಿಂಗಳಲ್ಲಿ ದಾಟಿಸಬಲ್ಲಿರಿ. ಅಲ್ಲೂ ಹೀಗೆಯೇ ಎಂದು ತಿಳಿದರೆ ಈ ಟರ್ಮ್ ಮುಗಿಯುವವರೆಗೆ ಕಾಯದೆ ಶಾಲೆಯ ಕೌನ್ಸೆಲರ್ ಹತ್ತಿರ ಹೋಗಿ. ಮಗ ಏನು ಸುಳ್ಳು ಬರೆದ ಎಂಬುದನ್ನು ಮೊದಲು ಹೇಳಬೇಡಿ. ಎಲ್ಲೆಲ್ಲಿ ಬರೆದ ಎಂಬುದನ್ನು, ನನಗೆ ಬರೆದಂತೆಯೇ, ಅವರಿಗೂ ಹೇಳಿ.