ಹೆಬ್ಬೆರಳಿನ ಲೆಕ್ಕ



ಮೊನ್ನೆ ಉದ್ಯಮಬಾಗದ ನಿನ್ನ ಫೌಂಡ್ರಿಗೆ ಬಂದಾಗ ನೀನು ಚಹಾ ಕುಡಿಸಿದೆ, ಹೊಸ ಫರ್ನೇಸ್ ತೋರಿಸಿದೆ. ಹೆಮ್ಮೆ ಅನಿಸಿತು. ಆದರೆ ನನ್ನ ಕಣ್ಣು ಮಾತ್ರ ಹೊರಳಿ ಹೊರಳಿ ನೆಲದ ಕಡೆಗೇ ಹೋಗುತ್ತಿತ್ತು. ಲ್ಯಾಡಲ್ ಹಿಡಿದ ಇಬ್ಬರಲ್ಲಿ ಒಬ್ಬನ ಕಾಲಲ್ಲಿ ರಬ್ಬರ್ ಚಪ್ಪಲಿ. ಇನ್ನೊಬ್ಬನಿಗೆ ಶೂ ಇತ್ತು, ಅದರ ಹಿಮ್ಮಡಿ ತುಳಿದು ಅದನ್ನೂ ಚಪ್ಪಲಿ ಮಾಡಿಕೊಂಡಿದ್ದ. ಕೇಳಿದ್ದಕ್ಕೆ, "ಅವ ಕಂಟ್ರಾಕ್ಟರ್ ಕಡೆಯವ ಕಾಕಾ. ನಮ್ಮವರಿಗೆಲ್ಲ ಕೊಟ್ಟೀನಿ, ನೆಟ್ಟಗೆ ಹಾಕ್ಕೊಳ್ಳೋದಿಲ್ಲ, ನಾ ಏನ್ ಮಾಡ್ಲಿ?" ಅಂದೆ. ನಾಲ್ಕು ಜನರ ಮುಂದೆ ಮಾತು ಬೆಳೆಸೋದು ಬೇಡ ಅಂತ ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ.

ಚಿಕ್ಕವನಿದ್ದಾಗ ನನ್ನ ಎಡಗಾಲಿನ ಬೆರಳು ಎಣಿಸಿ, ಒಂದು ಕಡಿಮೆ ಬಂತು ಅಂತ ನಗುತ್ತಿದ್ದೆ, ನೆನಪಿದೆಯಾ? ಇಲಿ ತಿಂದುಹೋಯಿತು ಅಂತ ನಾನು ಹೇಳುತ್ತಿದ್ದೆ. ಇಲಿಯಲ್ಲ. ಮೋಲ್ಡಿಂಗ್ ಬಾಕ್ಸ್ ಎತ್ತುವಾಗ ಜೊತೆಗಾರನ ಕೈ ಜಾರಿತು, ನನ್ನ ಕಾಲಲ್ಲಿ ಟೈರಿನ ಚಪ್ಪಲಿ ಇತ್ತು. ಮಾಲಕರು ದವಾಖಾನೆಗೆ ಬಂದು ಮೋಸಂಬಿ ಕೊಟ್ಟು, "ನೋಡಿಕೊಂಡು ಕೆಲಸ ಮಾಡಬಾರದೇನೋ?" ಅಂದರು. ನೋವಿಗಿಂತ ಆ ಮಾತು ಹೆಚ್ಚು ದಿನ ಉಳಿಯಿತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಒಂದು ಪಟ್ಟಿಯಿತ್ತು. ಕಾಲಿನ ಹೆಬ್ಬೆರಳು ಬುಡದಿಂದ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 14 ನಷ್ಟ, ಬೇರೆ ಒಂದು ಬೆರಳು ಹೋದರೆ ಶೇ 3. ಮಳೆಗಾಲದಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗ ಕಾಲು ವಾಲುತ್ತದಲ್ಲ, ಅದಕ್ಕೆ ಆ ಪಟ್ಟಿಯಲ್ಲಿ ಲೆಕ್ಕವಿರಲಿಲ್ಲ.

ಕಾರ್ಖಾನೆ ಕಾಯ್ದೆಗೆ 1987ರಲ್ಲಿ 7ಎ ಕಲಂ ಸೇರಿದಾಗಲೇ ಕೆಲಸಗಾರರ ಸುರಕ್ಷತೆ ಮಾಲಕನ ಹೊಣೆ ಅಂತ ಬರೆದಾಗಿತ್ತು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಇನ್ನೂ ಬಿಚ್ಚಿ ಹೇಳುತ್ತದೆ: ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ಕೆಲಸಗಾರನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹೊರಡುವಾಗ ಆ ಚಪ್ಪಲಿ ಹುಡುಗನನ್ನು ಗೇಟಿನ ಹತ್ತಿರ ಮಾತಾಡಿಸಿದೆ. ಶೂ ತಗೊಂಡರೆ ಕಂಟ್ರಾಕ್ಟರ್ ಪಗಾರದಲ್ಲಿ ಮುರಿದುಕೊಳ್ಳುತ್ತಾನಂತೆ, ಅದಕ್ಕೇ ಬೇಡ ಅಂದಿದ್ದಾನೆ. ಕರಗಿದ ಬೀಡುಕಬ್ಬಿಣಕ್ಕೆ ಅವನು ಯಾರ ಕಡೆಯವನು ಅಂತ ಗೊತ್ತಿರುತ್ತದೇನು?

ಹಿಮ್ಮಡಿ ತುಳಿದವನನ್ನು ಬೈಯಬೇಡ. ಅವನ ಪಾದ ಅಗಲ, ಇಪ್ಪತ್ತು ವರ್ಷ ಬರಿಗಾಲಲ್ಲಿ ಹೊಲದಲ್ಲಿ ತಿರುಗಿದ ಪಾದ. ನೀನು ಎಂಟು, ಒಂಬತ್ತು ನಂಬರಿನ ಶೂಗಳನ್ನು ಡಜನ್ ಲೆಕ್ಕದಲ್ಲಿ ತರಿಸಿ ಹಂಚಿದ್ದೀ. ಎಲ್ಲರ ಅಳತೆ ತಗೊ, ಅದೂ ಸಂಜೆ ಹೊತ್ತು. ದಿನವಿಡೀ ನಿಂತ ಕಾಲು ಸಂಜೆಗೆ ಊದಿರುತ್ತದೆ. ಉಸುಕು ಕಲಸುವ ಹೆಣ್ಣುಮಕ್ಕಳನ್ನು ಮರೆಯಬೇಡ, ಗಂಡಸರ ಆರನೇ ನಂಬರು ಅವರಿಗೆ ಸಡಿಲಾಗುತ್ತದೆ.

ಕೊಳ್ಳುವಾಗ ಐಎಸ್ 15298 ಗುರುತು ನೋಡು. ಅದರ ಎರಡನೇ ಭಾಗದ ಶೂ ಆದರೆ ಬೆರಳು ಮುಚ್ಚುವ ಮುಂದಿನ ಟೋಪಿ 200 ಜೂಲ್ ಹೊಡೆತ ತಡೆಯಬೇಕು, ಅಂದರೆ ಇಪ್ಪತ್ತು ಕಿಲೋ ಬಾಕ್ಸ್ ಒಂದು ಮೀಟರ್ ಎತ್ತರದಿಂದ ಬಿದ್ದಂತೆ. ಆದರೆ ಟೋಪಿಯೊಂದೇ ಸಾಲದು. ಎರಕ ಹೊಯ್ಯುವವರಿಗೆ ಲೇಸಿನ ಶೂ ಬೇಡವೇ ಬೇಡ. ಸಿಡಿದ ಕಿಡಿ ಲೇಸಿನ ಸಂದಿಯಲ್ಲಿ ಕೂತರೆ ಗಂಟು ಬಿಚ್ಚುವಷ್ಟರಲ್ಲಿ ಚರ್ಮ ಹೋಗಿರುತ್ತದೆ. ಎಳೆದರೆ ಬಿಚ್ಚಿಬರುವಂಥದ್ದು, ಬಿಸಿ ತಡೆಯುವ ನೈಟ್ರೈಲ್ ರಬ್ಬರ್ ತಳದ್ದು ತಗೊ. ಪ್ಯಾಂಟು ಶೂ ಮೇಲಿಂದ ಇಳಿಬಿದ್ದಿರಲಿ, ಒಳಗೆ ತುರುಕಿದರೆ ಅದು ಕಿಡಿ ಹಿಡಿಯುವ ಚೀಲವಾಗುತ್ತದೆ. ಇನ್ನು, ಸಿಕ್ಕಿದ ರೇಟಿಗೆ ಮೂರ್ನಾಲ್ಕು ವರ್ಷಕ್ಕಾಗುವಷ್ಟು ಪಿಯು ತಳದ ಶೂ ಕೊಂಡು ಗೋದಾಮಿನಲ್ಲಿ ಇಡುವ ಜಾಣತನ ಯಾವತ್ತೂ ಮಾಡಬೇಡ. ತೇವಕ್ಕೆ ಆ ತಳ ಕೂತಲ್ಲೇ ಹಳಸಿ, ಹಾಕಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ರೊಟ್ಟಿ ಮುರಿದಂತೆ ಮುರಿದುಬೀಳುತ್ತದೆ.

ಇನ್ನೊಂದು. ಮೊನ್ನೆ ಫರ್ನೇಸ್ ಮುಂದೆ ನಿಂತು ನನಗೆ ವಿವರಿಸುವಾಗ ನಿನ್ನ ಕಾಲಲ್ಲೂ ಸ್ಯಾಂಡಲ್ ಇತ್ತು.

ಅಮಾವಾಸ್ಯೆ ಮುಗಿಸಿಕೊಂಡು ಮತ್ತೆ ಬರುತ್ತೇನೆ. ಅಷ್ಟರೊಳಗೆ ಕಂಟ್ರಾಕ್ಟರ್ ಕಡೆಯವರನ್ನೂ ಸೇರಿಸಿ ಎಲ್ಲರ ಪಾದದ ಅಳತೆ ಬರೆದಿಡು. ನಿನ್ನದನ್ನು ಮೊದಲು ಬರೆ.

ಇಂತಿ ನಿನ್ನ
ಕಾಕಾ