ದಿಮ್ಮಿಯ ಬಣ್ಣ ನಂಬಬೇಡಿ, ಕೊಯ್ದ ತುದಿ ನೋಡಿ

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ಬದುಗಳಲ್ಲಿ ತೇಗ, ಸಿಲ್ವರ್ ಓಕ್, ಹೆಬ್ಬೇವು ಬೆಳೆಯುತ್ತವೆ. ಕೆ.ಆರ್. ಪೇಟೆ, ನಾಗಮಂಗಲದ ಹೊಲಗಳಲ್ಲಿ ಬೇವು, ಹೊಂಗೆ, ಹುಣಸೆ, ಜಾಲಿ, ಮಾವು, ಹಲಸು ಕಾಣುತ್ತವೆ. ಎಲೆ, ಕಾಯಿ ಇದ್ದಾಗ ಇವನ್ನು ಮಕ್ಕಳೂ ಗುರುತಿಸುತ್ತಾರೆ. ಕೊಂಬೆ ಸವರಿದ ದಿಮ್ಮಿ ಸಾಮಿಲ್ಲಿನ ಅಂಗಳಕ್ಕೆ ಬಂದ ಮೇಲೆ ಅನುಭವಸ್ಥರಿಗೂ ಅನುಮಾನ ಬರುತ್ತದೆ. ಜಾತಿ ತಪ್ಪಿದರೆ ಬೆಳೆದವರಿಗೆ ಬೆಲೆ ಸಿಗುವುದಿಲ್ಲ, ಬಾಗಿಲು ಮಾಡಿಸಿದವರಿಗೆ ಬಾಳಿಕೆ ಸಿಗುವುದಿಲ್ಲ.

ಬಣ್ಣವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಬಿಸಿಲು, ಮಳೆಗೆ ಬಿದ್ದ ದಿಮ್ಮಿಗಳೆಲ್ಲ ಬೂದು ಬಣ್ಣಕ್ಕೆ ತಿರುಗುತ್ತವೆ. ಎಳೆಯ ಮರದಲ್ಲಿ ಚೇಗು ಕಡಿಮೆ, ಸುತ್ತಲಿನ ಬಿಳಿ ಭಾಗವೇ ಹೆಚ್ಚು. ಆದರೆ ನೀರು ಸಾಗಿಸುವ ಸೂಕ್ಷ್ಮ ರಂಧ್ರಗಳ ಜೋಡಣೆ ಆಯಾ ಜಾತಿಗೆ ಕಟ್ಟಿಟ್ಟದ್ದು.

ನೋಡುವ ಕ್ರಮ

1. ಮೊದಲು ತೊಗಟೆ ನೋಡಿ. ಮತ್ತಿಯ ತೊಗಟೆ ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಸೀಳಿರುತ್ತದೆ. ಹೊನ್ನೆಯ ಗಾಯದಿಂದ ಕೆಂಪು ಅಂಟು, ಹಸಿ ಹಲಸಿನಿಂದ ಬಿಳಿ ಹಾಲು ಒಸರುತ್ತದೆ.
2. ತುದಿಯಿಂದ ಒಂದೆರಡು ಅಂಗುಲ ಕೊಯ್ದು ತೆಗೆಯಿರಿ. ಹೊಸ ಮುಖದ ಸ್ವಲ್ಪ ಜಾಗವನ್ನು ಹರಿತವಾದ ಉಳಿಯಿಂದ ನಯಗೊಳಿಸಿ, ಒದ್ದೆ ಮಾಡಿ.
3. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ.
4. ಕೊನೆಗೆ ವಾಸನೆ, ತೂಕ ಪರೀಕ್ಷಿಸಿ. ಪುಡಿಯ ರುಚಿ ನೋಡಬೇಡಿ.

ಜಾತಿವಾರು ಗುರುತು

ತೇಗ: ಪ್ರತಿ ಬೆಳವಣಿಗೆ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಚೇಗು ಹೊಂಬಣ್ಣದ ಕಂದು, ಮುಟ್ಟಿದರೆ ಎಣ್ಣೆಯ ಜಿಡ್ಡು, ಹದ ಮಾಡಿದ ತೊಗಲಿನ ವಾಸನೆ.

ಹೆಬ್ಬೇವು: ಇದರಲ್ಲೂ ರಂಧ್ರಗಳು ಉಂಗುರವಾಗಿಯೇ ಇರುವುದರಿಂದ ಎಚ್ಚರ ಬೇಕು. ಮರ ಹಗುರ, ತಿಳಿಗೆಂಪು, ಜಿಡ್ಡಿಲ್ಲ.

ಬೇವು: ರಂಧ್ರಗಳು ಎಲ್ಲೆಡೆ ಚದುರಿರುತ್ತವೆ. ಚೇಗು ಕೆಂಪು, ಹೆಬ್ಬೇವಿಗಿಂತ ಭಾರ.

ಬಾಗೆ, ಮಳೆಮರ, ಜಾಲಿ: ರಂಧ್ರಗಳ ಸುತ್ತ ತಿಳಿಬಣ್ಣದ ಬಳೆ ಇರುತ್ತದೆ. ಮೂರರಲ್ಲಿ ಜಾಲಿಯೇ ಗಟ್ಟಿ ಮತ್ತು ಭಾರ. ಬಾಗೆಯ ಪುಡಿ ಸೀನು ತರಿಸುತ್ತದೆ. ಕೊಯ್ಯುವವರು ಮೂಗು, ಬಾಯಿ ಮುಚ್ಚಿಕೊಳ್ಳಬೇಕು.

ಸಿಲ್ವರ್ ಓಕ್: ನಡುವಿನಿಂದ ತೊಗಟೆಯತ್ತ ಅಗಲವಾದ ಗೆರೆಗಳು ಹೊರಡುತ್ತವೆ. ಆ ಗೆರೆಯ ಗುಂಟ ಸೀಳಿದ ಹಲಗೆಯಲ್ಲಿ ಹೊಳೆಯುವ ಮಚ್ಚೆಗಳು ಮೂಡುತ್ತವೆ.

ಹಲಸು: ಹೊಸದಾಗಿ ಕೊಯ್ದಾಗ ಅಚ್ಚ ಹಳದಿ, ಬರಬರುತ್ತಾ ಕಂದು.

ಹುಣಸೆ: ಅಗಲವಾದ ಹಳದಿ ಬಿಳುಪಿನ ನಡುವೆ ಕಿರಿದಾದ, ನೇರಳೆಗಪ್ಪು ಚೇಗು. ಬಹಳ ಭಾರ.

ಹೊನ್ನೆ: ಹೊಟ್ಟನ್ನು ಗಾಜಿನ ಲೋಟದ ನೀರಲ್ಲಿ ನೆನೆಸಿ ಬಿಸಿಲಿಗೆ ಹಿಡಿದರೆ ನೀಲಿ ಛಾಯೆ ಕಾಣುತ್ತದೆ.

ಬೇಲಿಯ ಜಾಲಿ ಮರದ ತುದಿಯಲ್ಲಿ ನೀಲಿಗಪ್ಪು ಕಲೆ ಕಂಡರೆ ಒಳಗೆ ಮೊಳೆ, ತಂತಿ ಇರಬಹುದು. ಜಾಲಿಯ ಒಗರು ಕಬ್ಬಿಣದೊಂದಿಗೆ ಸೇರಿದಾಗ ಹೀಗಾಗುತ್ತದೆ. ಗರಗಸಕ್ಕೆ ಕೊಡುವ ಮೊದಲು ಹುಡುಕಿ ತೆಗೆಸಿ.

ಮಾದರಿ ತುಂಡುಗಳನ್ನು ಇಟ್ಟುಕೊಳ್ಳಿ

ಗುರುತು ಖಚಿತವಾಗಿರುವ ಮರಗಳಿಂದ ಅಂಗೈಯಗಲದ ತುಂಡು ಕೊಯ್ದು ಒಣಗಿಸಿ. ಮರದ ಹೆಸರು, ಊರು, ದಿನಾಂಕ ಬರೆದು ಸಾಮಿಲ್ಲಿನಲ್ಲಿಡಿ. ಹೊಸ ದಿಮ್ಮಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ. ಆಗಲೂ ಅನುಮಾನ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಂಡು ಕಳಿಸಿ ಕೇಳಬಹುದು.

ಜಾತಿ ತಿಳಿಯುವುದು ಕಾನೂನಿಗೂ ಅಗತ್ಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಕಡಿಯುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ದಾಖಲೆಯಿಲ್ಲದ ದಿಮ್ಮಿಯನ್ನು ಸಾಮಿಲ್ಲಿನವರು ಇಳಿಸಿಕೊಳ್ಳಬಾರದು.

ಬೆಳೆಗಾರರು ಮರ ಉರುಳಿದ ದಿನವೇ, ಎಲೆ ಇನ್ನೂ ಹಸಿರಾಗಿರುವಾಗಲೇ, ಪ್ರತಿ ದಿಮ್ಮಿಯ ಬುಡಕ್ಕೆ ಬಣ್ಣದಲ್ಲಿ ಜಾತಿಯ ಹೆಸರು ಬರೆಯಲಿ. ಅದೇ ಹೆಸರು ರಸೀದಿಯಲ್ಲೂ ಇದೆಯೇ ಎಂದು ನೋಡಿಕೊಂಡು ಹಣ ಎಣಿಸಿಕೊಳ್ಳಲಿ.